‘ಬಾಪ ಇನ್ನು ನಡೀತಾರಾ?’

ರೋಗಿಯನ್ನು ನೋಡಿ ಬರುವುದು ನಮ್ಮಲ್ಲಿ ಪುಣ್ಯದ ಕೆಲಸ. ಮೂರು ವರ್ಷದ ಹಿಂದೆ ಬಾಪನನ್ನು ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದಾಗ ಜಗಲಿಯಲ್ಲಿ ಒದ್ದೆ ಕೊಡೆ ಇಡಲು ಜಾಗ ಇರಲಿಲ್ಲ. ಸೇಬು, ಮುಸುಂಬಿ, ಹಾರ್ಲಿಕ್ಸ್ ಬಾಟ್ಲಿ ಹಿಡಕೊಂಡು ಬಂದವರೆಲ್ಲ ಒಳ್ಳೆಯ ಮನಸ್ಸಿನವರೇ. ಕೇಳಿದ್ದು ಮಾತ್ರ ಒಂದೇ ಪ್ರಶ್ನೆ. ಕೆಲವರು ನಮ್ಮನ್ನು ಅಂಗಳಕ್ಕೆ ಕರೆದು ಮೆಲ್ಲಗೆ ಕೇಳಿದರು, ಕೆಲವರು ಬಾಪನ ತಲೆದೆಸೆಯಲ್ಲಿ ಕೂತುಕೊಂಡೇ ಕೇಳಿದರು: “ಇನ್ನು ನಡೀತಾರಾ?”

ನಮಗೂ ಅದೊಂದೇ ಗೊತ್ತಾಗಬೇಕಿತ್ತು. ಹೌದು ಅಥವಾ ಇಲ್ಲ ಎಂದು ಯಾರಾದರೂ ಹೇಳಿಬಿಟ್ಟರೆ ಸಾಕು ಅನಿಸುತ್ತಿತ್ತು. ಆ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ, ಉತ್ತರದಲ್ಲಿ ಅರ್ಧ ಪಾಲು ಮನೆಯವರ ಕೈಯಲ್ಲೇ ಉಂಟು ಎಂದು ನಮಗೆ ಅರ್ಥ ಆಗುವಾಗ ಅಮೂಲ್ಯವಾದ ಎರಡು ಮೂರು ತಿಂಗಳು ಕೈಬಿಟ್ಟು ಹೋಗಿತ್ತು. ಇಂಥ ಸಂಕಟದಲ್ಲಿರುವ ಇನ್ನೊಂದು ಮನೆಗೆ ಆ ತಿಂಗಳುಗಳು ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇವೆ.

ಆ ಹತ್ತು ನಿಮಿಷ

ಅದು ಆಟಿ ತಿಂಗಳು. ಕೊಳೆರೋಗಕ್ಕೆ ಎರಡನೇ ಸಲದ ಮದ್ದು ಬಿಡಬೇಕಿತ್ತು. ಮಳೆ ಒಂದು ಗಳಿಗೆ ಬಿಟ್ಟಿದೆ, ಮರ ಹತ್ತುವ ಆಳು ಬಂದಿಲ್ಲ. “ನಾಲ್ಕೇ ಮರ, ನಾನೇ ಹತ್ತುತ್ತೇನೆ” ಎಂದರು ಬಾಪ. ಹಾವಸೆ ಹಿಡಿದ ಅಡಿಕೆ ಮರದಿಂದ ಜಾರಿದ್ದು ಸುಮಾರು ಇಪ್ಪತ್ತು ಅಡಿ ಎತ್ತರದಿಂದ. ಪ್ರಜ್ಞೆ ಇತ್ತು, ರಕ್ತ ಬಂದಿರಲಿಲ್ಲ. “ಕಾಲು ಎಲ್ಲಿ ಉಂಟು ಅಂತ ಗೊತ್ತಾಗುದಿಲ್ಲ” ಎಂದು ಹೇಳುತ್ತಿದ್ದರು.

ಆಮೇಲೆ ನಾವು ಮಾಡಿದ್ದೆಲ್ಲ ತಪ್ಪು. ಇಬ್ಬರು ಕಂಕುಳಿಗೆ, ಇಬ್ಬರು ಕಾಲಿಗೆ ಕೈ ಹಾಕಿ ಎತ್ತಿದೆವು. ನಡು ಜೋತು ಬಿತ್ತು. ಗೊಬ್ಬರದ ಗುಂಡಿ ದಾಟಿಸಿ, ತೋಟದಿಂದ ರಸ್ತೆಗೆ ಹೊತ್ತು ತಂದು ರಿಕ್ಷಾದ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿದೆವು. ಬಾಯಾರಿಕೆ ಅಂದರು, ನೀರು ಕುಡಿಸಿದೆವು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಮೂಳೆ ಮುರಿದಿರುವಾಗ ಬೆನ್ನು ಬಾಗಿದರೆ ಒಳಗಿನ ಹುರಿಗೆ ಮತ್ತಷ್ಟು ಪೆಟ್ಟಾಗಬಹುದು ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮಿಂದ ಎಷ್ಟು ಹೆಚ್ಚು ಪೆಟ್ಟಾಯಿತು, ಆಗಲೇ ಇಲ್ಲವಾ ಎಂದು ಯಾರೂ ಅಳೆದು ಹೇಳಲಾರರು. ಆ ಅನುಮಾನ ನಮ್ಮ ಜೊತೆಯಲ್ಲೇ ಉಂಟು.

ಮಾಡಬೇಕಾದ್ದು ಇಷ್ಟೇ. ಮರದಿಂದಲೋ ಬೈಕಿನಿಂದಲೋ ಕಲ್ಲುಕೋರೆಯಲ್ಲೋ ಬಿದ್ದವರು ಕುತ್ತಿಗೆ ಅಥವಾ ಬೆನ್ನು ನೋವು ಎಂದರೆ, ಕೈಕಾಲು ಜೋಮು ಎಂದರೆ, ಬೇರೆ ಅಪಾಯ ಇಲ್ಲದಿದ್ದರೆ ಬಿದ್ದಲ್ಲೇ ಅಲುಗಾಡದಂತೆ ಮಲಗಿರಲಿ. 108ಕ್ಕೆ ಫೋನ್ ಮಾಡಿ. ಸಾಗಿಸಲೇಬೇಕಾದರೆ ಒಬ್ಬರು ತಲೆ ಮತ್ತು ಕುತ್ತಿಗೆಯನ್ನು ನೇರವಾಗಿ ಹಿಡಿದು, ಉಳಿದವರು ಭುಜ, ಸೊಂಟ, ಕಾಲುಗಳನ್ನು ಒಟ್ಟಿಗೆ, ಮರದ ದಿಮ್ಮಿ ಉರುಳಿಸುವ ಹಾಗೆ ಮಗ್ಗುಲಿಗೆ ತಿರುಗಿಸಿ ಹಲಗೆಯ ಮೇಲೆ ಮಲಗಿಸಬೇಕು. ಹಲಗೆ ಇಲ್ಲವಾ, ಮನೆಯ ಬಾಗಿಲು ಕಳಚಿದರೂ ಆಯಿತು. ಕೂರಿಸಬಾರದು, ನೀರು ಕುಡಿಸಬಾರದು.

ಮೂಳೆ ಬೇರೆ, ಹುರಿ ಬೇರೆ

ಬಾಪನಿಗೆ ಮುರಿದದ್ದು ಸೊಂಟದ ಮೊದಲ ಕಶೇರು. ಎರಡು ದಿನದಲ್ಲಿ ಆಪರೇಷನ್ ಆಯಿತು, ಸ್ಕ್ರೂ ಮತ್ತು ರಾಡ್ ಹಾಕಿದರು. “ಆಪರೇಷನ್ ಸಕ್ಸಸ್” ಎಂದು ಕೇಳಿ ನಾವು ಇನ್ನು ಒಂದು ತಿಂಗಳಲ್ಲಿ ಎದ್ದು ನಡೆಯುತ್ತಾರೆ ಎಂದುಕೊಂಡೆವು. ಆಗ ಡಾಕ್ಟರು ಒಂದು ಕಾಗದದ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು.

ಬೆನ್ನುಮೂಳೆ ಒಂದು ಕೊಳವೆ ಇದ್ದ ಹಾಗೆ. ಅದರೊಳಗೆ ಮೆದುಳಿನಿಂದ ಇಳಿದು ಬರುವ, ಕಿರುಬೆರಳಿನಷ್ಟು ದಪ್ಪದ ನರಗಳ ಹುರಿ. ದೊಡ್ಡವರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದ. ಅದು ಸೊಂಟದ ಮೊದಲ ಮತ್ತು ಎರಡನೇ ಕಶೇರಿನ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಬಿಡಿಬಿಡಿಯಾಗಿ ಕುದುರೆಯ ಬಾಲದ ಹಾಗೆ ಇಳಿಯುತ್ತವೆ. ಕುತ್ತಿಗೆಯಲ್ಲಿ ಪೆಟ್ಟಾದರೆ ಕೈಗೂ ಕಾಲಿಗೂ ತೊಂದರೆ. ಎದೆಯ ಮಟ್ಟದಲ್ಲಾದರೆ ಕೈ ಉಳಿದು, ನಡು ಮತ್ತು ಕಾಲು ಹೋಗುತ್ತದೆ. ಎಲ್ಲಿ ಆದರೂ ಹೆಚ್ಚಾಗಿ ಮೂತ್ರ ಮತ್ತು ಮಲದ ಹಿಡಿತ ತಪ್ಪುತ್ತದೆ. ಸ್ಕ್ರೂ ಹಾಕಿದ್ದು ಮೂಳೆಯನ್ನು ನಿಲ್ಲಿಸಲು. ಹುರಿಯನ್ನು ಹೊಲಿದು ಸರಿ ಮಾಡುವ ಆಪರೇಷನ್ ಈವರೆಗೆ ಇಲ್ಲ.

ಎಲ್ಲಿ ಪೆಟ್ಟಾಗಿದೆ ಎನ್ನುವಷ್ಟೇ ಮುಖ್ಯ, ಪೂರ್ತಿ ಪೆಟ್ಟಾಗಿದೆಯಾ ಅರ್ಧವಾ ಎನ್ನುವುದು. ಅದನ್ನು ತಿಳಿಯಲು ಡಾಕ್ಟರುಗಳು ಸೂಜಿಯ ಮೊನೆ, ಹತ್ತಿಯ ತುಂಡು ಹಿಡಿದು ಅಂಗುಲ ಅಂಗುಲ ಪರೀಕ್ಷೆ ಮಾಡುತ್ತಾರೆ. ಗುದದ್ವಾರದ ಸುತ್ತ ಸ್ಪರ್ಶ ಗೊತ್ತಾಗುತ್ತದಾ ಎಂದೂ ನೋಡುತ್ತಾರೆ. ನಾಚಿಕೆಯ ಪರೀಕ್ಷೆ ಎಂದು ನಮ್ಮವರು ಬೇಡ ಅನ್ನುವುದುಂಟು. ಆದರೆ ಹುರಿಯ ಕಟ್ಟಕಡೆಯ ನರಗಳು ಅಲ್ಲಿಗೇ ಹೋಗುವುದು. ಅಲ್ಲಿ ಸ್ವಲ್ಪವಾದರೂ ಸ್ಪರ್ಶ ಉಳಿದಿದ್ದರೆ ಪೆಟ್ಟು ‘ಅಪೂರ್ಣ’. ಎ ಯಿಂದ ಇ ವರೆಗೆ ಐದು ದರ್ಜೆಗಳಿವೆ. ಎ ಅಂದರೆ ಪೂರ್ಣ ಪೆಟ್ಟು, ಇ ಅಂದರೆ ಪರೀಕ್ಷೆಯಲ್ಲಿ ಎಲ್ಲ ಸರಿ. ಡಿ ದರ್ಜೆಯವರಲ್ಲಿ ಹೆಚ್ಚಿನವರು ನಡೆಯುತ್ತಾರೆ. ಎ ದರ್ಜೆಯಲ್ಲೇ ಉಳಿದವರಲ್ಲಿ ನಡಿಗೆ ಮರಳುವುದು ಅಪರೂಪ. ಬಾಪನದ್ದು ಸಿ: ಸ್ಪರ್ಶ ಅಲ್ಲಲ್ಲಿ ಉಂಟು, ಎಡಗಾಲ ಹೆಬ್ಬೆರಳು ಅದುರುತ್ತದೆ, ಅಷ್ಟೇ. “ಬಾಗಿಲು ಮುಚ್ಚಿಲ್ಲ. ಎಷ್ಟು ತೆರೀತದೆ ಅಂತ ಈಗ ಹೇಳ್ಲಿಕ್ಕೆ ಆಗುದಿಲ್ಲ” ಎಂದರು ಡಾಕ್ಟರು.

ಹಾಸಿಗೆಯಲ್ಲಿ ಕಳೆದುಕೊಂಡ ದಿನಗಳು

ಹುರಿಗೆ ಪೆಟ್ಟಾದವರಲ್ಲಿ ಚೇತರಿಕೆಯ ಹೆಚ್ಚಿನ ಪಾಲು ಮೊದಲ ಆರು ತಿಂಗಳಿಂದ ಒಂದು ವರ್ಷದೊಳಗೆ ಆಗುತ್ತದೆ. ಆಮೇಲೂ ಆಗುವುದುಂಟು, ನಿಧಾನವಾಗಿ. ಆ ಬೆಲೆಬಾಳುವ ದಿನಗಳಲ್ಲಿ ಆರು ವಾರ ನಮ್ಮ ಬಾಪ ಕವುಚಿ ಮಲಗಿದ್ದರು. ಕಾರಣ ಬೆನ್ನಿನ ಬುಡದಲ್ಲಿ ಆದ ಹಾಸಿಗೆ ಹುಣ್ಣು.

ಆಸ್ಪತ್ರೆಯಿಂದ ಬರುವಾಗ ನರ್ಸ್ ಹೇಳಿದ್ದರು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದು. ಹಗಲು ಬದಲಿಸಿದೆವು. ರಾತ್ರಿ ಬಾಪ ಅಪರೂಪಕ್ಕೆ ನಿದ್ದೆ ಮಾಡುತ್ತಿದ್ದಾರಲ್ಲಾ, ಎಬ್ಬಿಸುವುದು ಯಾಕೆ ಎಂದು ಬಿಟ್ಟೆವು. ನಮಗೆ ನಿಮಗೆ ಆದರೆ ಒಂದೇ ಕಡೆ ಮಲಗಿ ನೋವಾದಾಗ ನಿದ್ದೆಯಲ್ಲೇ ಹೊರಳುತ್ತೇವೆ. ಅವರಿಗೆ ನೋವೇ ಗೊತ್ತಾಗುವುದಿಲ್ಲ. ಹತ್ತನೇ ದಿನ ಕೆಂಪು ಕಲೆ, ಹದಿನೈದನೇ ದಿನ ಹುಣ್ಣು. ಅದು ಮಾಗುವವರೆಗೆ ಕೂರುವ ಹಾಗಿಲ್ಲ, ನಿಲ್ಲುವ ಅಭ್ಯಾಸವೂ ಇಲ್ಲ.

ಎರಡನೇ ಮಹಾಯುದ್ಧಕ್ಕೆ ಮೊದಲು ಬೆನ್ನುಹುರಿಗೆ ಪೆಟ್ಟಾದವರಲ್ಲಿ ಹೆಚ್ಚಿನವರು ಹುರಿಯ ಪೆಟ್ಟಿನಿಂದಲ್ಲ, ಈ ಹುಣ್ಣು ಮತ್ತು ಮೂತ್ರದ ಸೋಂಕಿನಿಂದ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾ. ಲುಡ್ವಿಗ್ ಗುಟ್‌ಮನ್ ಗಾಯಾಳು ಸೈನಿಕರ ವಾರ್ಡು ವಹಿಸಿಕೊಂಡಾಗ ಮೊದಲು ಹಿಡಿದ ಕೆಲಸಗಳಲ್ಲಿ ಇದೂ ಒಂದು: ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಅದೇ ಡಾಕ್ಟರು ಆ ಸೈನಿಕರಿಗೆ ಆಟ ಆಡಿಸಿದರು. 1948ರಲ್ಲಿ ಅಲ್ಲಿ ನಡೆದ ಪಂದ್ಯಾಟವೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು.

ಇನ್ನೊಂದು ಮೂತ್ರದ ವಿಷಯ. ಮೊದಲು ಕ್ಯಾತಿಟರ್ ಮತ್ತು ಚೀಲ ಇತ್ತು. ಆಮೇಲೆ ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳ್ಳಗಿನ ನಳಿಕೆ ಹಾಕಿ ಮೂತ್ರ ತೆಗೆದು ನಳಿಕೆಯನ್ನು ಹೊರಗೆಳೆಯುವುದನ್ನು ಕಲಿಸಿದರು. ಮೊದಲು ಕಲಿತದ್ದು ಉಮ್ಮ. ಎರಡು ತಿಂಗಳಲ್ಲಿ ಬಾಪನೇ ಕಲಿತರು. ನಡೆಯುವ ಮಾತಿನ ನಡುವೆ ಇದು ಯಾಕೆ ಎನ್ನಬೇಡಿ. ಮೂತ್ರ ಒಳಗೆ ನಿಂತರೆ ಸೋಂಕು, ಸೋಂಕಾದರೆ ಜ್ವರ, ಜ್ವರ ಬಂದ ವಾರ ವ್ಯಾಯಾಮ ಇಲ್ಲ. ಮೂತ್ರಕೋಶದ ಒತ್ತಡ ಮೇಲಕ್ಕೇರಿದರೆ ಕಿಡ್ನಿಗೇ ಅಪಾಯ.

‘ಇವತ್ತು ಎಷ್ಟು ಮಾರ್ಕು?’

ಹುಣ್ಣು ಮಾಗಿದ ಮೇಲೆ ಬಾಪನನ್ನು ಪುನರ್ವಸತಿ ವಾರ್ಡಿಗೆ ಸೇರಿಸಿದೆವು. ಎರಡು ತಿಂಗಳು ಅಲ್ಲಿದ್ದರು. ಅಲ್ಲಿ ಪ್ರತಿಯೊಂದು ಸ್ನಾಯುವಿಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತಾರೆ. ಏನೂ ಇಲ್ಲ ಎಂದರೆ ಸೊನ್ನೆ. ಅದುರಿದರೆ ಒಂದು. ಹಾಸಿಗೆಯ ಮೇಲೆ ಸರಿದರೆ ಎರಡು. ಭಾರ ಎದುರಿಸಿ ಮೇಲಕ್ಕೆತ್ತಿದರೆ ಮೂರು. ನಾಲ್ಕು ಅಂದರೆ ಸ್ವಲ್ಪ ಬಲ, ಐದು ಅಂದರೆ ನಮ್ಮಂತೆ. ಮನೆಯ ಮಕ್ಕಳು ಇದನ್ನು ಬೇಗ ಹಿಡಕೊಂಡರು. ಸಂಜೆ ಫೋನಿನಲ್ಲಿ ಮೊಮ್ಮಗಳ ಮೊದಲ ಪ್ರಶ್ನೆ, “ಅಜ್ಜ, ಇವತ್ತು ಎಷ್ಟು ಮಾರ್ಕು?” ಬಲತೊಡೆ ಎರಡರಿಂದ ಮೂರಕ್ಕೆ ಬರಲು ಐದು ವಾರ ಹಿಡಿಯಿತು. ಆ ದಿನ ಮನೆಯಲ್ಲಿ ತುಪ್ಪದನ್ನ ಮಾಡಿದ್ದೆವು.

ನಡೆಯುವುದು ಅಂದರೆ ನೇರವಾಗಿ ನಡೆಯುವುದಲ್ಲ. ಮೊದಲು ಕೂರುವುದು. ತಿಂಗಳುಗಟ್ಟಲೆ ಮಲಗಿದವರನ್ನು ಕೂರಿಸಿದರೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬರುತ್ತದೆ. ಆಮೇಲೆ ಹಲಗೆಗೆ ಬೆಲ್ಟ್ ಕಟ್ಟಿ ಸ್ವಲ್ಪ ಸ್ವಲ್ಪ ಏರಿಸಿ ನಿಲ್ಲಿಸುವುದು. ಆಮೇಲೆ ಮಂಡಿ ಮಡಚದ ಹಾಗೆ ಪಟ್ಟಿ ಕಟ್ಟಿ ಎರಡು ಸರಳುಗಳ ನಡುವೆ ನಿಲ್ಲುವುದು. ಕಾಲಿಗಿಂತ ಮೊದಲು ಕೈಗೆ ಬಲ ಬರಬೇಕು, ಯಾಕೆಂದರೆ ಮೊದಮೊದಲು ದೇಹದ ಭಾರ ಹೊರುವುದು ಕೈ. ಪಾದ ಜೋತು ಬೀಳುವುದರಿಂದ ಮೊಣಕಾಲ ಕೆಳಗೆ ಪ್ಲಾಸ್ಟಿಕ್ಕಿನ ಪಟ್ಟಿ ಹಾಕಿದರು. ಅದು ಇಲ್ಲದಿದ್ದರೆ ಬೆರಳು ನೆಲಕ್ಕೆ ತಾಗಿ ಎಡವುತ್ತದೆ.

ಮನೆಗೆ ಬಂದ ಮೇಲೆ ಜಗಲಿಯಲ್ಲಿ ಎರಡು ಜಿಐ ಪೈಪು ಹಾಕಿಸಿದೆವು, ಬಾಪನ ಸೊಂಟದ ಎತ್ತರಕ್ಕೆ. ಪಕ್ಕದ ಮನೆಯ ವೆಲ್ಡಿಂಗ್ ಹುಡುಗ ಕೂಲಿ ತೆಗೆದುಕೊಳ್ಳಲಿಲ್ಲ. ದಿನಕ್ಕೆ ಎರಡು ಹೊತ್ತು, ಮುಕ್ಕಾಲು ಗಂಟೆ. ಕೆಲವು ದಿನ ಬಾಪ ಸಿಟ್ಟು ಮಾಡಿ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. “ನನ್ನನ್ನು ಯಾಕೆ ಪೀಡಿಸ್ತೀರಿ, ಅಲ್ಲೇ ಬಿಟ್ಟುಬಿಡಿ” ಎಂದದ್ದೂ ಉಂಟು. ಉಮ್ಮ ಏನೂ ಹೇಳದೆ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಎಂಟನೇ ತಿಂಗಳಲ್ಲಿ ವಾಕರ್ ಹಿಡಿದು ಜಗಲಿಯಿಂದ ಅಡುಗೆಮನೆಯವರೆಗೆ ಬಂದರು. ಉಮ್ಮ ದೋಸೆ ಕಾವಲಿಯ ಎದುರು ನಿಂತಿದ್ದರು. “ದೋಸೆ ಕರಟಿತು” ಎಂದರು ಬಾಪ. ಉಮ್ಮ ತಿರುಗಿ ನೋಡಿದವರು ಅಲ್ಲೇ ಕೂತುಬಿಟ್ಟರು.

ಬೇಗ ಗುಣ ಮಾಡುವವರು

ಈ ನಡುವೆ ದಾರಿ ತೋರಿಸಿದವರಿಗೆ ಲೆಕ್ಕ ಇಲ್ಲ. ಒಬ್ಬರು ನಾಟಿ ಎಣ್ಣೆ, ಒಬ್ಬರು ದೂರದೂರಿನ ಉಳುಕು ತೆಗೆಯುವವರು, ಇನ್ನೊಬ್ಬರು ಸ್ಟೆಮ್ ಸೆಲ್ ಇಂಜೆಕ್ಷನ್. ಕೊಲ್ಲಿಯಲ್ಲಿರುವ ನಮ್ಮ ಅಣ್ಣ ಜಾಗ ಮಾರಿಯಾದರೂ ಇಂಜೆಕ್ಷನ್ ಮಾಡಿಸೋಣ ಎಂದ. ಐಸಿಎಂಆರ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ರಕ್ತದ ಕೆಲವು ಕಾಯಿಲೆಗಳಂಥವನ್ನು ಬಿಟ್ಟರೆ, ಅನುಮತಿ ಪಡೆದ ಪ್ರಯೋಗದ ಹೊರಗೆ ಹಣ ತೆಗೆದುಕೊಂಡು ಸ್ಟೆಮ್ ಸೆಲ್ ಚಿಕಿತ್ಸೆ ಕೊಡುವ ಹಾಗಿಲ್ಲ ಎಂದು ನಮ್ಮ ಡಾಕ್ಟರು ತಿಳಿಸಿದರು. ಜಾಗ ಉಳಿಯಿತು. ಹೊಸದಾಗಿ ಆಪರೇಷನ್ ಆದ, ಸ್ಪರ್ಶ ಇಲ್ಲದ ಬೆನ್ನು ಕಾಲಿನ ಮೇಲೆ ತಿಳಿಯದವರು ಜೋರಾಗಿ ತಿಕ್ಕುವುದು, ಬಿಸಿ ಶಾಖ ಕೊಡುವುದು ಎರಡೂ ಅಪಾಯ. ಸುಟ್ಟದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ವಿಜ್ಞಾನ ಸುಮ್ಮನೆ ಕೂತಿಲ್ಲ ಎನ್ನುವುದೂ ನಿಜ. ಸ್ವಿಟ್ಜರ್ಲೆಂಡಿನ ಲೊಸಾನ್‌ನ ತಂಡ ಹುರಿಯ ಮೇಲೆ ವಿದ್ಯುತ್ ಪ್ರಚೋದನೆಯ ಪಟ್ಟಿ ಕೂರಿಸಿ ವರ್ಷಗಟ್ಟಲೆ ನಡೆಯದಿದ್ದವರು ಹೆಜ್ಜೆ ಹಾಕಿದ್ದನ್ನು 2018ರಲ್ಲಿ ಪ್ರಕಟಿಸಿತು. 2023ರಲ್ಲಿ ಮೆದುಳಿನ ಸಂಕೇತವನ್ನೇ ಹುರಿಗೆ ತಲುಪಿಸುವ ಸಾಧನದ ಸಹಾಯದಿಂದ ನೆದರ್‌ಲೆಂಡ್ಸಿನ ಒಬ್ಬರು ನಡೆದರು. ಅಣ್ಣ ಕಳಿಸಿದ ಆ ವಿಡಿಯೊವನ್ನು ಬಾಪ ನಾಲ್ಕು ಸಲ ನೋಡಿದರು. ಆದರೆ ಅದು ಸಂಶೋಧನೆಯ ಮಾತು, ನಾಳೆ ಹೋಗಿ ಮಾಡಿಸಿಕೊಂಡು ಬರುವಂಥದ್ದಲ್ಲ. ಆ ಸಾಧನ ಹಾಕಿಸಿಕೊಂಡವರೂ ತಿಂಗಳುಗಟ್ಟಲೆ ಕಠಿಣ ವ್ಯಾಯಾಮ ಮಾಡಿದವರೇ.

ಬೀಳದವರಿಗೂ ಬರುತ್ತದೆ

ವಾರ್ಡಿನಲ್ಲಿ ನಾವು ಕಂಡವರೆಲ್ಲ ಬಿದ್ದವರಲ್ಲ. ಬೆನ್ನುಮೂಳೆಯ ಕ್ಷಯದಿಂದ ಕಾಲು ಸೋತವರಿದ್ದರು. ತಿಂಗಳುಗಟ್ಟಲೆ ಬಿಡದ ಬೆನ್ನು ನೋವು, ಸಂಜೆ ಜ್ವರ, ತೂಕ ಇಳಿಯುವುದು ಇದರ ಲಕ್ಷಣ. ಬೇಗ ಗೊತ್ತಾದರೆ ಮದ್ದಿನಿಂದಲೇ, ಕೆಲವೊಮ್ಮೆ ಆಪರೇಷನ್ನಿನಿಂದ, ಮತ್ತೆ ನಡೆಯುವವರು ತುಂಬಾ ಮಂದಿ. ಕ್ಷಯದ ಮದ್ದು ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ವಯಸ್ಸಾದವರಲ್ಲಿ ಕುತ್ತಿಗೆಯ ಮೂಳೆ ಸವೆದು ಹುರಿ ಒತ್ತಿದರೆ ಅಂಗಿಯ ಗುಂಡಿ ಹಾಕಲು ಕೈ ತಡವರಿಸುತ್ತದೆ, ನಡಿಗೆ ಓಲಾಡುತ್ತದೆ. “ವಯಸ್ಸಾಯ್ತಲ್ಲಾ” ಎಂದು ಬಿಡಬೇಡಿ. ಬೆನ್ನು ನೋವಿನ ಜೊತೆ ಕಾಲು ಸೋಲುವುದು, ಕೂರುವ ಜಾಗ ಜೋಮು ಹಿಡಿಯುವುದು, ಮೂತ್ರ ಕಟ್ಟುವುದು ಕಂಡರೆ ನಾಳೆಗೆ ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮಸೀದಿಯ ಮೆಟ್ಟಿಲು

ಬಾಪ ಒಂದು ವರ್ಷ ಜುಮಾಕ್ಕೆ ಹೋಗಲಿಲ್ಲ. ಮೆಟ್ಟಿಲು ಒಂದು ಕಾರಣ. ಇನ್ನೊಂದನ್ನು ಅವರು ಯಾರಲ್ಲೂ ಹೇಳಿರಲಿಲ್ಲ. ಆಗಾಗ ಮೂತ್ರ ಸೋರುತ್ತದೆ, ನಮಾಝ್ ಹೇಗೆ ಆಗುತ್ತದೆ ಎನ್ನುವ ಸಂಕೋಚ. ಉಸ್ತಾದರು ಮನೆಗೇ ಬಂದು ಕೂತು ವಿವರಿಸಿದರು. ನಿಲ್ಲಲು ಆಗದವರು ಕೂತು, ಕೂರಲು ಆಗದವರು ಮಲಗಿ ನಮಾಝ್ ಮಾಡಬಹುದು. ಹಿಡಿತ ಇಲ್ಲದೆ ಸೋರುವವರು ಶುಚಿ ಮಾಡಿ, ಬಟ್ಟೆ ಕಟ್ಟಿ, ಪ್ರತಿ ಫರ್ಳಿಗೆ ಸಮಯ ಆದ ಮೇಲೆ ವುಳೂ ಮಾಡಿದರೆ ಸಾಕು. ಹೀಗೆ ಒಳಗೊಳಗೇ ಕೊರಗುವವರು ಬೇರೆ ಮನೆಗಳಲ್ಲೂ ಇರಬಹುದು, ನಿಮ್ಮ ಉಸ್ತಾದರನ್ನು ಕೇಳಿ. ಜಮಾಅತಿನವರು ಒಂದು ಬದಿಯ ಮೆಟ್ಟಿಲು ಮುಚ್ಚಿ ಇಳಿಜಾರು ಮಾಡಿದರು. ಈಗ ಅದರಲ್ಲಿ ಬಾಪ ಮಾತ್ರ ಅಲ್ಲ, ಮಂಡಿ ನೋವಿನ ಹಿರಿಯರೆಲ್ಲ ಹತ್ತುತ್ತಾರೆ.

ಮನೆಯವರು ನೆನಪಿಡಬೇಕಾದ್ದು

* ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ. ಅಲಾರಾಂ ಇಟ್ಟು ಪಾಳಿ ಹಾಕಿಕೊಳ್ಳಿ. ದಿನಕ್ಕೊಮ್ಮೆ ಬೆನ್ನ ಬುಡ, ಹಿಮ್ಮಡಿ, ಸೊಂಟದ ಬದಿ ನೋಡಿ.
* ಮೂಳೆ ಗಟ್ಟಿಯಾಗಲಿ, ಆಮೇಲೆ ನೋಡೋಣ ಎನ್ನದೆ, ಆಸ್ಪತ್ರೆಯಿಂದ ಹೊರಡುವ ಮೊದಲೇ ಪುನರ್ವಸತಿ ಎಲ್ಲಿ, ಯಾವಾಗ ಎಂದು ಕೇಳಿ.
* ಕುತ್ತಿಗೆ ಅಥವಾ ಎದೆಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಇದ್ದಕ್ಕಿದ್ದಂತೆ ಸಿಡಿಯುವ ತಲೆನೋವು, ಬೆವರು ಬಂದರೆ ರಕ್ತದೊತ್ತಡ ಏರಿರಬಹುದು. ಕೂಡಲೇ ಎಬ್ಬಿಸಿ ಕೂರಿಸಿ, ಮೂತ್ರದ ನಳಿಕೆ ಕಟ್ಟಿದೆಯಾ ನೋಡಿ, ಡಾಕ್ಟರನ್ನು ಕರೆಯಿರಿ.
* 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇವರಿಗೂ ಹಕ್ಕಿದೆ. ಯುಡಿಐಡಿ ಕಾರ್ಡು ಮಾಡಿಸಿ. ಗ್ರಾಮ ಪಂಚಾಯತಿನ ಪುನರ್ವಸತಿ ಕಾರ್ಯಕರ್ತರು ಅರ್ಜಿಗೆ ಸಹಾಯ ಮಾಡುತ್ತಾರೆ.
* ನೋಡಿಕೊಳ್ಳುವವರನ್ನೂ ನೋಡಿಕೊಳ್ಳಿ. ನಮ್ಮ ಉಮ್ಮನ ಸೊಂಟ ಹಿಡಿದ ಮೇಲೆ ನಾವು ಪಾಳಿ ಹಾಕಿಕೊಂಡದ್ದು.

ಗಾಲಿಕುರ್ಚಿಯ ನಾಚಿಕೆ

ನಡಿಗೆ ಬಂತು, ಆದರೆ ಮೊದಲಿನ ನಡಿಗೆ ಬರಲಿಲ್ಲ. ಮನೆಯೊಳಗೆ ವಾಕರ್, ಅಂಗಳಕ್ಕೆ ಮೊಣಕೈ ಊರುಗೋಲು. ನೂರು ಹೆಜ್ಜೆಗೆ ಆಯಾಸ. ಅದಕ್ಕಿಂತ ದೂರಕ್ಕೆ ಗಾಲಿಕುರ್ಚಿ ಬೇಕು. ಬಾಪ ಅದಕ್ಕೆ ಒಪ್ಪಲಿಲ್ಲ. “ನಡೀಲಿಕ್ಕೆ ಕಲಿತ ಮೇಲೆ ಅದರಲ್ಲಿ ಕೂತ್ರೆ ಜನ ಎಂತ ಹೇಳ್ತಾರೆ?” ಎರಡು ಮದುವೆ ತಪ್ಪಿಸಿದರು. ನಿಜ ಹೇಳಬೇಕೆಂದರೆ ನಮಗೂ ಹಾಗೇ ಇತ್ತು. ನಡೆದರೆ ಗೆದ್ದ ಹಾಗೆ, ಕುರ್ಚಿ ಹಿಡಿದರೆ ಸೋತ ಹಾಗೆ ಎಂದು ನಾವೇ ಅವರ ತಲೆಗೆ ತುಂಬಿದ್ದೆವು.

ವಾರ್ಡಿನಲ್ಲಿ ಕೇಳಿದ ಡಾ. ಮೇರಿ ವರ್ಗೀಸರ ಕತೆ ಆಗ ನೆನಪಾಯಿತು. ಕೊಚ್ಚಿಯ ಕಡೆಯವರು. ವೆಲ್ಲೂರಿನ ಸಿಎಂಸಿಯಲ್ಲಿ ಯುವ ವೈದ್ಯೆಯಾಗಿದ್ದಾಗ 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲು ಹೋಯಿತು. ಮತ್ತೆ ಅವರು ಮೊದಲಿನಂತೆ ನಡೆಯಲಿಲ್ಲ. ಗಾಲಿಕುರ್ಚಿಯಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು. ಅಮೆರಿಕಕ್ಕೆ ಹೋಗಿ ಪುನರ್ವಸತಿ ವೈದ್ಯಕೀಯ ಕಲಿತು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಶುರುವಾದ ಪುನರ್ವಸತಿ ಕೇಂದ್ರದ ಹಿಂದೆ ಇದ್ದವರು ಅವರೇ. ಅಲ್ಲಿಂದ ಎಷ್ಟೋ ಮಂದಿ ತಮ್ಮ ಕಾಲ ಮೇಲೆ ನಿಂತು ಮನೆಗೆ ಹೋದರು.

ನಾವು ಈ ಕತೆ ಹೇಳಿದಾಗ ಬಾಪ ಹ್ಞೂಂ ಅನ್ನಲೂ ಇಲ್ಲ. ಮುಂದಿನ ತಿಂಗಳು ತಂಗಿಯ ಮಗನ ಮದುವೆಗೆ ಹೊರಡುವಾಗ ಮಾತ್ರ, “ಆ ಕುರ್ಚಿಯನ್ನೂ ಕಾರಿಗೆ ಹಾಕಿ” ಎಂದರು.

ಈ ವರ್ಷ ತೋಟಕ್ಕೆ ಮದ್ದು ಬಿಟ್ಟದ್ದು ಕಾರ್ಬನ್ ಫೈಬರ್ ದೋಟಿಯಲ್ಲಿ, ನೆಲದ ಮೇಲೆ ನಿಂತು. ಬಾಪ ತೋಟದ ಬದಿಯಲ್ಲಿ ಕುರ್ಚಿಯಲ್ಲಿ ಕೂತು ಯಾವ ಮರ ಬಿಟ್ಟುಹೋಯಿತು ಎಂದು ಹೇಳುತ್ತಿದ್ದರು. ಮೊನ್ನೆ ದೂರದ ಸಂಬಂಧಿಯೊಬ್ಬರು ಬಂದವರು ಅದೇ ಹಳೆಯ ಪ್ರಶ್ನೆ ಕೇಳಿದರು: “ಈಗ ಎಲ್ಲ ಸರಿ ಆಯ್ತಾ? ನಡೀತೀರಾ?”

“ಜಗಲಿ ತನಕ ಇದರಲ್ಲಿ” ಎಂದು ಬಾಪ ವಾಕರ್ ತೋರಿಸಿದರು. ಆಮೇಲೆ ಮೂಲೆಯಲ್ಲಿದ್ದ ಕುರ್ಚಿ ತೋರಿಸಿ, “ಮಸೀದಿಗೆ ಅದರಲ್ಲಿ. ಎಲ್ಲಿಗೂ ಹೋಗುದು ಬಿಡ್ಲಿಲ್ಲ, ಅಲ್‌ಹಮ್ದುಲಿಲ್ಲಾಹ್” ಎಂದರು.